ಮೊದಲ ಗಿಟಾರ್: 6,000 ರೂಪಾಯಿ ಒಳಗೆ ಯಾವುದು ತಗೊಳ್ಳಲಿ?

ತುಂಗಾತೀರ (ತೀರ್ಥಹಳ್ಳಿ), ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್, ವಯಸ್ಸು 36. ಭಾವಗೀತೆ ಹಾಡುವುದು ಚಿಕ್ಕಂದಿನಿಂದ ಅಭ್ಯಾಸ. ಮಕ್ಕಳಿಗೆ ಹಾಡು ಹೇಳಿಕೊಡುವಾಗ ಜೊತೆಗೊಂದು ವಾದ್ಯ ಇರಬೇಕು ಅಂತ ಬಹಳ ದಿನದ ಆಸೆ. ಹಾರ್ಮೋನಿಯಂ ಮುಂದೆ ಕೂತರೆ ಹಿಂದಿನ ಸಾಲಿನ ಮಕ್ಕಳು ಕಾಣುವುದಿಲ್ಲ. ಗಿಟಾರ್ ಆದರೆ ಹೆಗಲಿಗೆ ಹಾಕಿಕೊಂಡು ಮಕ್ಕಳ ನಡುವೆಯೇ ನಿಂತು ಹಾಡಬಹುದು ಅಲ್ವಾ?

ಕಳೆದ ವಾರ ಶಿವಮೊಗ್ಗದ ಒಂದು ಅಂಗಡಿಗೆ ಹೋಗಿದ್ದೆ. 2,800 ರೂಪಾಯಿಯ ನೀಲಿ ಬಣ್ಣದ 38 ಇಂಚಿನದು ಒಂದು, 5,500ರ ಕಪ್ಪು 41 ಇಂಚಿನದು ಇನ್ನೊಂದು ತೋರಿಸಿದರು. "ಎರಡೂ ಕಲಿಯುವವರಿಗೇ ಮೇಡಂ" ಅಂದರು. ಏನು ವ್ಯತ್ಯಾಸ ಅಂತ ಕೇಳಿದ್ದಕ್ಕೆ "ಸೌಂಡ್ ಜಾಸ್ತಿ" ಅಂದರು ಅಷ್ಟೇ. ಆನ್‌ಲೈನಿನಲ್ಲಿ ನೋಡಿದರೆ ತಲೆ ತಿರುಗುತ್ತದೆ. ನನ್ನ ಕೈ ಚಿಕ್ಕದು, ಬೆರಳು ಗಿಡ್ಡ. ಮಗಳು ಏಳನೇ ಕ್ಲಾಸು, ಅವಳೂ ಮುಟ್ಟುತ್ತಾಳೆ. ಇರುವುದು ಆರು ಸಾವಿರ. ಬೇಸಿಗೆ ರಜೆಯಲ್ಲಿ ಶುರು ಮಾಡಬೇಕು ಅಂತಿದ್ದೇನೆ. ದಯವಿಟ್ಟು ತಿಳಿದವರು ಹೇಳಿ.

ದಾವಣಗೆರೆ_ಬೆಣ್ಣೆ, ಏಪ್ರಿಲ್ 12

ಅಕ್ಕ, ಆ 2,800ರದ್ದು ಮಾತ್ರ ಬೇಡ. ನಾನು ಪಿಯುಸಿಯಲ್ಲಿ ಇದ್ದಾಗ ಅಪ್ಪ ಅಂಥದ್ದೇ ಒಂದು ಕೊಡಿಸಿದ್ದರು. ತಂತಿ ಒತ್ತಿ ಒತ್ತಿ ಬೆರಳು ಕೆಂಪಾಗುತ್ತಿತ್ತು, ಆದರೂ ಸ್ವರ ಬರುತ್ತಿರಲಿಲ್ಲ. ಟ್ಯೂನ್ ಮಾಡಿಟ್ಟರೆ ಹತ್ತು ನಿಮಿಷಕ್ಕೆ ಇಳಿಯುತ್ತಿತ್ತು. ತಪ್ಪು ನನ್ನದೇ, ನನಗೆ ಸಂಗೀತ ಬರುವುದಿಲ್ಲ ಅಂದುಕೊಂಡು ಎರಡು ತಿಂಗಳಿಗೆ ಬಿಟ್ಟೆ. ಏಳು ವರ್ಷ ಆದ ಮೇಲೆ ಗೆಳೆಯನ ಗಿಟಾರ್ ಮುಟ್ಟಿದಾಗ ಗೊತ್ತಾಯಿತು, ತಂತಿ ಇಷ್ಟು ಸುಲಭವಾಗಿ ಒತ್ತಬಹುದು ಅಂತ. ಆ ಏಳು ವರ್ಷ ನೆನೆದರೆ ಈಗಲೂ ಬೇಜಾರಾಗುತ್ತದೆ. ಸುಮ್ನೆ ಒಂದು ಒಳ್ಳೆ ಕಂಪನಿಯದು ತಗೊಳ್ಳಿ. ಯಮಹಾ ಎಫ್280 ಅಂತ ಇದೆ. ಎಂಟು ಸಾವಿರದ ಆಸುಪಾಸು ಆಗುತ್ತದೆ, ಆದರೂ ಎರಡು ತಿಂಗಳು ಕಾದು ಅದನ್ನೇ ತಗೊಳ್ಳಿ.

ಆರು_ತಂತಿ (ಬೆಂಗಳೂರು), ಏಪ್ರಿಲ್ 13

ಮೇಡಂ, ನಾನು ಬಸವನಗುಡಿಯಲ್ಲಿ 14 ವರ್ಷದಿಂದ ಗಿಟಾರ್ ಹೇಳಿಕೊಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಯಾವ ಕಂಪನಿ ಅನ್ನುವುದಕ್ಕಿಂತ ಮೊದಲು ನೋಡಬೇಕಾದ್ದು ತಂತಿಯ ಎತ್ತರ. ಇದಕ್ಕೆ ಆಕ್ಷನ್ ಅನ್ನುತ್ತಾರೆ. ಅಂಗಡಿಗೆ ಹೋಗುವಾಗ ಮಿಲಿಮೀಟರ್ ಗುರುತು ಇರುವ ಚಿಕ್ಕ ಸ್ಟೀಲ್ ಸ್ಕೇಲ್ ಒಯ್ಯಿರಿ, ಶಾಲೆಯಲ್ಲಿ ಇದ್ದೇ ಇರುತ್ತದೆ. ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್ ಹತ್ತಿರ, ಆ ಪಟ್ಟಿಯ ತಲೆಯಿಂದ ದಪ್ಪ ತಂತಿಯ ತಳದವರೆಗೆ ಅಳೆಯಿರಿ. ಎರಡೂವರೆ ಮಿಲಿಮೀಟರ್ ಇದ್ದರೆ ಚೆನ್ನ. ತೆಳು ತಂತಿಗೆ ಎರಡರ ಹತ್ತಿರ. ಕಡಿಮೆ ಬೆಲೆಯ ಗಿಟಾರ್‌ಗಳಲ್ಲಿ ಇದು ಮೂರೂವರೆ, ನಾಲ್ಕು ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ದಾವಣಗೆರೆ ತಮ್ಮ ಹೇಳಿದ ಕಷ್ಟವೆಲ್ಲ ಆ ಒಂದು ಮಿಲಿಮೀಟರಿನದ್ದೇ.

ಎರಡನೆಯದು ನಟ್. ತಲೆಯ ಕಡೆ ತಂತಿಗಳು ಕೂರುವ ಬಿಳಿ ತುಂಡು. ಒಂದು ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಒಂದನೇ ಫ್ರೆಟ್ ಮೇಲೆ ಎಷ್ಟು ಜಾಗ ಇದೆ ನೋಡಿ. ಒಂದು ಕಾಗದ ತೂರುವಷ್ಟು ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನಟ್‌ನ ಗೆರೆ ಆಳ ಇಲ್ಲ ಅಂತ ಅರ್ಥ. ಕಲಿಯುವವರು ಹಿಡಿಯುವುದೆಲ್ಲ ಮೊದಲ ಮೂರು ಫ್ರೆಟ್‌ನಲ್ಲೇ. ಹಾಗಾಗಿ ನಟ್ ಎತ್ತರ ಇದ್ದರೆ ನೋವು ಅಲ್ಲೇ ಜಾಸ್ತಿ.

ಮೂರನೆಯದು ಸ್ವರ ಸರಿ ಕೂರುತ್ತದೆಯೇ ಅನ್ನುವುದು. ಮೊದಲು ಟ್ಯೂನ್ ಮಾಡಿಸಿ. ಆಮೇಲೆ ಒಂದೊಂದು ತಂತಿಯನ್ನೂ 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿ. ಬಿಟ್ಟ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಬರಬೇಕು. ನೀವು ಹಾಡುವವರು, ನಿಮ್ಮ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಮೊಬೈಲ್‌ನಲ್ಲಿ ಟ್ಯೂನರ್ ಆ್ಯಪ್ ಉಚಿತವಾಗಿ ಸಿಗುತ್ತದೆ, ಅದನ್ನೂ ಹಿಡಿದು ನೋಡಿ. ಮುಳ್ಳು ತುಂಬಾ ಅತ್ತಿತ್ತ ಹೋದರೆ ಆ ಗಿಟಾರ್ ಬೇಡ. ಆಕ್ಷನ್ ಸರಿ ಮಾಡಿಸಬಹುದು. ಫ್ರೆಟ್‌ಗಳನ್ನೇ ತಪ್ಪು ಜಾಗದಲ್ಲಿ ಕೂರಿಸಿದ್ದರೆ ಯಾರೂ ಏನೂ ಮಾಡುವ ಹಾಗಿಲ್ಲ.

ಆಮೇಲೆ ತಲೆಯ ಕಡೆಯಿಂದ ಕತ್ತಿನ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ತಿರುಚಿಕೊಂಡಿದೆಯಾ ಅಂತ. ಬ್ರಿಡ್ಜ್ ಅಂದರೆ ಬುಡದ ಕಡೆ ತಂತಿ ಕಟ್ಟಿರುವ ಮರದ ತುಂಡು, ಅದರ ಹಿಂದಿನ ಅಂಚಿಗೆ ಒಂದು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ ಅಂತ ಅರ್ಥ, ಅದನ್ನು ಬಿಟ್ಟು ಬನ್ನಿ.

ಈಗ ದುಡ್ಡಿನ ಮಾತು. ಆರು ಸಾವಿರವನ್ನೂ ಗಿಟಾರ್‌ಗೇ ಹಾಕಬೇಡಿ. ಐದು ಸಾವಿರ ಗಿಟಾರ್‌ಗೆ, ಒಂದು ಸಾವಿರ ಸೆಟಪ್‌ಗೆ ಇಡಿ. ಸೆಟಪ್ ಅಂದರೆ ಕೈ ಪಳಗಿದವರು ನಟ್ ಗೆರೆ ಉಜ್ಜಿ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಬಿಳಿ ತುಂಡು) ತಳ ತಿಕ್ಕಿ, ಕತ್ತಿನ ಒಳಗಿನ ಟ್ರಸ್ ರಾಡ್ ಅನ್ನುವ ಲೋಹದ ಸರಳು ತಿರುಗಿಸಿ ತಂತಿಯ ಎತ್ತರ ಸರಿ ಮಾಡುವುದು. ಐದು ಸಾವಿರದ ಗಿಟಾರ್‌ಗೆ ಸೆಟಪ್ ಮಾಡಿಸಿದರೆ, ಸೆಟಪ್ ಇಲ್ಲದ ಹತ್ತು ಸಾವಿರದ್ದಕ್ಕಿಂತ ಕೈಗೆ ಹಿತವಾಗಿರುತ್ತದೆ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ನನ್ನ ಬಳಿ ಬರುವ ಮಕ್ಕಳಲ್ಲಿ ಬಿಟ್ಟು ಹೋದವರು ಬಹಳ ಮಂದಿ ಬೆರಳು ನೋವಿಗೆ ಬಿಟ್ಟವರೇ. ಅವರಲ್ಲಿ ಅರ್ಧದಷ್ಟು ಜನರ ಗಿಟಾರ್ ಸರಿ ಮಾಡಿಸಿದ್ದರೆ ಉಳಿಯುತ್ತಿದ್ದರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸರಸ್ವತಿಪುರಂ_ಸಂಜೆ (ಮೈಸೂರು), ಏಪ್ರಿಲ್ 13

ಆರು_ತಂತಿ ಸರ್ ಹೇಳಿದ್ದು ಸರಿ. ಆದರೆ ಕಡಿಮೆ ಬೆಲೆಯದೆಲ್ಲ ಕೆಟ್ಟದ್ದು ಅನ್ನುವ ಮಾತು ನಾನು ಒಪ್ಪುವುದಿಲ್ಲ. ನನ್ನ ಮಗ ಜುವಾರೆಜ್‌ನ 38 ಇಂಚಿನದರಲ್ಲಿ ಕಲಿತ. ಮೂರು ಸಾವಿರದ ಒಳಗೇ ಸಿಕ್ಕಿತ್ತು. ಬಂದ ದಿನವೇ ಅದರ ಜೊತೆ ಕೊಟ್ಟಿದ್ದ ತಂತಿ ತೆಗೆದು 10 ಗೇಜಿನ, ಅಂದರೆ ತೆಳುವಾದ, ಒಳ್ಳೆ ತಂತಿ ಹಾಕಿಸಿದೆವು. ಸ್ಯಾಡಲ್ ತಿಕ್ಕಿಸಿದೆವು. ಎರಡು ವರ್ಷ ಅದರಲ್ಲೇ ನುಡಿಸಿದ. ಎಲ್ಲರಿಗೂ ಎಂಟು ಸಾವಿರ ಹೊಂದಿಸಲು ಆಗುವುದಿಲ್ಲ. ಅದು ಆಗುವವರೆಗೆ ಕಾಯಿರಿ ಅಂದರೆ ಎಷ್ಟೋ ಮಂದಿ ಶುರುವೇ ಮಾಡುವುದಿಲ್ಲ.

ದಾವಣಗೆರೆ_ಬೆಣ್ಣೆ, ಏಪ್ರಿಲ್ 13

ಸರ್, ನಿಮ್ಮ ಮಗನಿಗೆ ನೀವಿದ್ದಿರಿ. ತಂತಿ ಬದಲಿಸಬೇಕು, ಸ್ಯಾಡಲ್ ತಿಕ್ಕಿಸಬೇಕು ಅಂತ ನನಗೆ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಅಷ್ಟು ಗಟ್ಟಿಯಾಗಿ ಹೇಳಿದೆ.

ಸರಸ್ವತಿಪುರಂ_ಸಂಜೆ, ಏಪ್ರಿಲ್ 13

ಅದು ನಿಜ ತಮ್ಮ. ಒಪ್ಪಿದೆ.

ತುಂಗಾತೀರ, ಏಪ್ರಿಲ್ 14

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ ಸರ್. ಇವತ್ತು ಮತ್ತೆ ಶಿವಮೊಗ್ಗಕ್ಕೆ ಸ್ಕೇಲ್ ಹಿಡಿದುಕೊಂಡು ಹೋಗಿದ್ದೆ. ನೀಲಿಯದು 4 ಮಿಲಿಮೀಟರ್. ಕಪ್ಪುದು 3.5. ಅಂಗಡಿಯವರಿಗೆ ಆಶ್ಚರ್ಯ, ಯಾರೂ ಹೀಗೆ ಅಳೆದಿಲ್ಲವಂತೆ. ಕಪ್ಪುದನ್ನು 12ನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದರೆ ಮೇಲಿನ ಸ್ವರ ಸ್ವಲ್ಪ ಏರಿಯೇ ಕೇಳುತ್ತದೆ. ಎರಡನ್ನೂ ಬಿಟ್ಟು ಬಂದೆ.

ಇನ್ನೆರಡು ಪ್ರಶ್ನೆ. ನೈಲಾನ್ ತಂತಿಯದು ಬೆರಳಿಗೆ ಮೃದು ಅನ್ನುತ್ತಾರೆ, ಅದು ನನಗೆ ಆಗುತ್ತದೆಯೇ? ಮತ್ತೆ 38, 39, 41 ಅಂದರೆ ಏನು, ಚಿಕ್ಕ ಕೈಗೆ ಚಿಕ್ಕದೇ ಬೇಕೇ?

ಆರು_ತಂತಿ, ಏಪ್ರಿಲ್ 14

ಬಿಟ್ಟು ಬಂದದ್ದು ಒಳ್ಳೆಯದಾಯಿತು. ಸ್ವರ ಏರಿ ಕೇಳಿಸಿದ್ದಕ್ಕೆ ಆಕ್ಷನ್ ಎತ್ತರವೂ ಕಾರಣ ಇರಬಹುದು. ತಂತಿಯನ್ನು ಅಷ್ಟು ಕೆಳಗೆ ಒತ್ತಿದಾಗ ಅದು ಎಳೆದುಕೊಂಡು ಸ್ವರ ಏರುತ್ತದೆ. ಆದರೂ ಆ ಗುಮಾನಿ ಇಟ್ಟುಕೊಂಡು ದುಡ್ಡು ಕೊಡುವುದು ಬೇಡ.

ನೈಲಾನ್ ತಂತಿಯದನ್ನು ಕ್ಲಾಸಿಕಲ್ ಗಿಟಾರ್ ಅನ್ನುತ್ತಾರೆ. ಯಮಹಾ ಸಿ40 ಅದರಲ್ಲಿ ಎಲ್ಲ ಕಡೆ ಸಿಗುವ ಮಾದರಿ. ಬೆರಳಿಗೆ ಮೃದು ನಿಜ. ಆದರೆ ಅದರ ಕತ್ತು ಅಗಲ. ನಟ್ ಹತ್ತಿರ 52 ಮಿಲಿಮೀಟರ್ ಇರುತ್ತದೆ. ಸ್ಟೀಲ್ ತಂತಿಯ ಯಮಹಾ ಎಫ್‌ಜಿ, ಎಫ್‌ಎಸ್ ಮಾದರಿಗಳಲ್ಲಿ 43. ಗಿಡ್ಡ ಬೆರಳಿಗೆ ಆ 9 ಮಿಲಿಮೀಟರ್ ದೊಡ್ಡ ದೂರ. ಜೊತೆಗೆ ಅದರ ಧ್ವನಿಯೂ ಮೆತ್ತಗೆ. 30 ಮಕ್ಕಳು ಒಟ್ಟಿಗೆ ಹಾಡುವಾಗ ಕೇಳಿಸಬೇಕಾದರೆ ಸ್ಟೀಲ್ ತಂತಿಯೇ ನಿಮಗೆ ಸರಿ. ಒಂದು ಮಾತು ಮರೆಯಬೇಡಿ. ನೈಲಾನ್ ಗಿಟಾರ್‌ಗೆ ಯಾರೇ ಹೇಳಿದರೂ ಸ್ಟೀಲ್ ತಂತಿ ಹಾಕಬೇಡಿ. ಸ್ಟೀಲ್ ತಂತಿಯ ಎಳೆತ ತಡೆಯುವಂತೆ ಅದನ್ನು ಕಟ್ಟಿರುವುದಿಲ್ಲ, ಬ್ರಿಡ್ಜ್ ಕಿತ್ತು ಬರುತ್ತದೆ. 12 ಗೇಜಿನ ಸ್ಟೀಲ್ ತಂತಿ ಆರೂ ಸೇರಿ ಸುಮಾರು 70 ಕೆಜಿ ಎಳೆಯುತ್ತವೆ. 10 ಗೇಜಿನದಾದರೆ 60ರ ಆಸುಪಾಸು. ಮೈಸೂರಿನವರು 10 ಹಾಕಿಸಿದ್ದು ಅದಕ್ಕೇ.

38, 41 ಅನ್ನುವುದು ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ನಿಮ್ಮ ಬೆರಳಿಗೆ ಬೇಕಾದ್ದು ಅದಲ್ಲ, ನಟ್‌ನಿಂದ ಸ್ಯಾಡಲ್‌ವರೆಗಿನ ತಂತಿಯ ಉದ್ದ. ಅದಕ್ಕೆ ಸ್ಕೇಲ್ ಅನ್ನುತ್ತಾರೆ. ದೊಡ್ಡ ಗಿಟಾರ್‌ಗಳಲ್ಲಿ 650 ಮಿಲಿಮೀಟರ್ ಇರುವುದುಂಟು. ಯಮಹಾ ಎಫ್310ರಲ್ಲಿ 634. ಫ್ರೆಟ್‌ಗಳು ಅಷ್ಟು ಹತ್ತಿರ ಬರುತ್ತವೆ. ನಿಮ್ಮ ಮಗಳು ಏಳನೇ ಕ್ಲಾಸಾದರೆ ಅವಳಿಗೂ ಇದು ನಡೆಯುತ್ತದೆ. ಎಂಟು ವರ್ಷದ ಒಳಗಿನ ಮಗುವಾಗಿದ್ದರೆ ಮುಕ್ಕಾಲು ಅಳತೆಯದು ಹೇಳುತ್ತಿದ್ದೆ.

ಧಾರವಾಡ_ಸ್ವರ, ಏಪ್ರಿಲ್ 15

ಟೀಚರ್ ಅಕ್ಕಾರೇ, ನೀವು ಯಾವ ಶ್ರುತಿಗೆ ಹಾಡುತ್ತೀರಿ? ನಾನು ಹಿಂದೂಸ್ತಾನಿ ಕಲಿತವಳು, ಕಪ್ಪು ನಾಲ್ಕು (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ) ನನ್ನ ಪಟ್ಟಿ. ಗಿಟಾರ್ ಶುರು ಮಾಡಿದಾಗ ಪುಸ್ತಕದಲ್ಲಿದ್ದ ಸಿ ಕಾರ್ಡ್, ಡಿ ಕಾರ್ಡ್ (ಕೆಲವು ಸ್ವರ ಒಟ್ಟಿಗೆ ನುಡಿಸುವ ಬೆರಳ ಹಿಡಿತ) ಹಿಡಿದು ಹಾಡಲು ಹೋದೆ, ಧ್ವನಿ ಒಂದು ಕಡೆ, ಗಿಟಾರ್ ಒಂದು ಕಡೆ. ಆಗ ಕೇಪೋ ತಗೊಂಡೆ. ಅದೊಂದು ಕ್ಲಿಪ್, ಆರೂ ತಂತಿಯನ್ನು ಒಟ್ಟಿಗೆ ಒತ್ತುತ್ತದೆ. ಒಂದನೇ ಫ್ರೆಟ್‌ಗೆ ಹಾಕಿ ಜಿ ಕಾರ್ಡ್ ಹಿಡಿದರೆ ಸರಿಯಾಗಿ ಕಪ್ಪು ನಾಲ್ಕಕ್ಕೆ ಬರುತ್ತದೆ. ಜಿ, ಸಿ, ಡಿ, ಇ ಮೈನರ್ ನಾಲ್ಕು ಕಾರ್ಡ್ ಗೊತ್ತಿದ್ದರೆ ಬಹಳ ಹಾಡು ಆಗುತ್ತವೆ. ಕೇಪೋಗೆ ಒಂದು ಇನ್ನೂರು, ಮುನ್ನೂರು ಇಡಿ. ಕೇಪೋ ಹಾಕಿದರೆ ಒಂದನೇ ಫ್ರೆಟ್‌ನ ಆ ನಟ್ ಎತ್ತರದ ಕಾಟವೂ ಕಡಿಮೆ ಆಗುತ್ತದೆ, ಇದು ನನ್ನ ಅನುಭವ.

ತುಂಗಾತೀರ, ಏಪ್ರಿಲ್ 15

ಅಯ್ಯೋ, ಇದನ್ನೇ ಯಾರೂ ಹೇಳಿರಲಿಲ್ಲ! ನನ್ನದು ಐದೂವರೆ ಮನೆ. ಅಂದರೆ ನಿಮ್ಮ ಕಪ್ಪು ನಾಲ್ಕೇ. ಮಕ್ಕಳಿಗೆ ಹಾಡಿಸುವಾಗ ಸ್ವಲ್ಪ ಏರಿಸಬೇಕಾಗುತ್ತದೆ. ಕೇಪೋ ಇನ್ನೊಂದು ಮನೆ ಸರಿಸಿದರೆ ಆಯಿತು ಅಲ್ವಾ?

ಧಾರವಾಡ_ಸ್ವರ, ಏಪ್ರಿಲ್ 15

ಹೌದ್ರೀ ಅಕ್ಕಾರೇ. ಬೆರಳು ಅದೇ, ಶ್ರುತಿ ಬೇರೆ. ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದ್ದು ಕೇಳಿದ ಮೇಲೆಯೇ ನನಗೂ ಧೈರ್ಯ ಬಂದದ್ದು, ನಮ್ಮ ಹಾಡಿಗೂ ಈ ವಾದ್ಯ ಹೊಂದುತ್ತದೆ ಅಂತ.

ಕುಡ್ಲ_ಕಡಲು (ಮಂಗಳೂರು), ಏಪ್ರಿಲ್ 16

ಯಾರೂ ಮಳೆಯ ಬಗ್ಗೆ ಮಾತಾಡಿಲ್ಲ ಮಾರಾಯ್ರೆ. ತೀರ್ಥಹಳ್ಳಿ ಅಂದರೆ ಆಗುಂಬೆಯ ಪಕ್ಕ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರ ಹೇಗೆ ಒಣಗೀತು? ಗಿಟಾರ್‌ಗೆ 45ರಿಂದ 55 ಶೇಕಡಾ ತೇವಾಂಶ ಒಳ್ಳೆಯದು ಅನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ 90 ದಾಟುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ. ಮುಂದಿನ ಹಲಗೆ ಹೊಟ್ಟೆ ಬಂದ ಹಾಗೆ ಏಳುತ್ತದೆ, ಅದರ ಜೊತೆ ಬ್ರಿಡ್ಜ್ ಏಳುತ್ತದೆ, ತಂತಿಯೂ ಏಳುತ್ತದೆ.

ನನ್ನ ಅಣ್ಣ ಗಲ್ಫಿನಿಂದ ತಂದ ಗಿಟಾರ್ ಒಂದು ಇತ್ತು, ಇಡೀ ಮರದ ಹಲಗೆಯದು. ಅದನ್ನು ಮಳೆಗಾಲ ಪೂರ್ತಿ ಗೋಡೆಗೆ ತೂಗುಹಾಕಿದ್ದೆ. ಸೆಪ್ಟೆಂಬರ್‌ನಲ್ಲಿ ನೋಡಿದರೆ ಬ್ರಿಡ್ಜ್ ಅರ್ಧ ಬಿಟ್ಟಿತ್ತು. ಅಂದು ನಿಜವಾಗಿ ಅಳು ಬಂತು. ಅದಕ್ಕೇ ಹೇಳುವುದು, ಮಲೆನಾಡು, ಕರಾವಳಿಯವರು ಮೊದಲ ಗಿಟಾರ್‌ಗೆ "ಸಾಲಿಡ್ ಟಾಪ್" ಬೇಕು ಅಂತ ಹಟ ಮಾಡಬೇಡಿ. ಪದರ ಅಂಟಿಸಿದ ಪ್ಲೈ ಹಲಗೆಯದು ಸ್ವರದಲ್ಲಿ ಸ್ವಲ್ಪ ಹಿಂದೆ, ಆದರೆ ಮಳೆ ತಡೆಯುತ್ತದೆ. ಬೆಲೆಯೂ ಕಡಿಮೆ. ನುಡಿಸಿ ಆದ ಮೇಲೆ ತಂತಿ ಒರೆಸಿ ಬ್ಯಾಗಿನಲ್ಲಿಟ್ಟು ಜಿಪ್ ಹಾಕಿ. ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಹೊರಗೋಡೆಗೆ ತಾಗಿಸಿ ಇಡಬೇಡಿ.

ಬಯಲುಸೀಮೆ (ಬಳ್ಳಾರಿ), ಏಪ್ರಿಲ್ 16

ನಮ್ಮಲ್ಲಿ ಇದೇ ಕಥೆ ಉಲ್ಟಾ. ಏಪ್ರಿಲ್, ಮೇನಲ್ಲಿ ಮರ ಒಣಗಿ ಕುಗ್ಗುತ್ತದೆ, ಫ್ರೆಟ್ ತುದಿಗಳು ಹೊರಗೆ ಬಂದು ಅಂಗೈಗೆ ಚುಚ್ಚುತ್ತವೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಯಾರೂ ಗಿಟಾರ್ ಬಿಡಬೇಡಿ, ಅಂಟು ಬಿಡುತ್ತದೆ.

ಕುಡ್ಲ_ಕಡಲು, ಏಪ್ರಿಲ್ 16

ಇನ್ನೊಂದು ಮಾತು ಅಕ್ಕ. ಸೆಕೆಂಡ್ ಹ್ಯಾಂಡ್ ಆಗುವುದಾದರೆ ಮಣಿಪಾಲ ನೋಡಿ. ಮೇ ತಿಂಗಳು ಬಂದರೆ ಕೊನೆಯ ವರ್ಷದ ಹುಡುಗರು ಹಾಸ್ಟೆಲ್ ಖಾಲಿ ಮಾಡುತ್ತಾರೆ. ಊರಿಗೆ ಒಯ್ಯಲಾಗದೆ ಸೈಕಲ್, ಗಿಟಾರ್ ಎಲ್ಲ ಕಡಿಮೆಗೆ ಕೊಡುತ್ತಾರೆ. ನಿಮಗೆ ಆಗುಂಬೆ ಘಾಟಿ ಇಳಿದರೆ ಆಯಿತು. ನಾನು ಭಾನುವಾರ ಉಡುಪಿಗೆ ಬಂದು ನೋಡಿಕೊಡುತ್ತೇನೆ, ಸಂಕೋಚ ಬೇಡ.

ಆರು_ತಂತಿ, ಏಪ್ರಿಲ್ 17

ಇದು ಎಲ್ಲಕ್ಕಿಂತ ಒಳ್ಳೆ ಸಲಹೆ. ಹೊಸದರಲ್ಲಿ ಐದರಿಂದ ಏಳು ಸಾವಿರದ ಒಳಗೆ ಕೇಡೆನ್ಸ್, ವಾಲ್ಟ್ ಅಂಥವು ಸಿಗುತ್ತವೆ, ಅಳೆದು ನೋಡಿ ತಗೊಂಡರೆ ಅವೂ ನಡೆಯುತ್ತವೆ. ಆದರೆ ಅದೇ ದುಡ್ಡಿಗೆ ಹಳೆಯ ಎಫ್310 ಸಿಕ್ಕರೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಹೊಸದಕ್ಕೆ ಹತ್ತು ಸಾವಿರದ ಹತ್ತಿರ ಇದೆ. ಮುಂದೆ ಬೇಡ ಅನಿಸಿದರೂ ಹೆಚ್ಚು ಕಳೆದುಕೊಳ್ಳದೆ ಮಾರಬಹುದು. ಹಳೆಯದರಲ್ಲಿ ಎರಡು ವಿಷಯ ಹೆಚ್ಚಿಗೆ ನೋಡಿ. ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಂಡಿ ಇದೆಯಾ? ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್‌ನಲ್ಲಿ ಒತ್ತಿ ಮೀಟಿದಾಗ ಎಲ್ಲಾದರೂ ಝರ್ ಅನ್ನುತ್ತದೆಯಾ? ಮೇಲಿನ ಗೀರು, ಸ್ಟಿಕರ್ ಗುರುತಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಗು, ಬೆಲ್ಟು, ಐದು ಪಿಕ್ಕು, ಪುಸ್ತಕ ಎಲ್ಲ ಸೇರಿಸಿ ಕೊಡುವ ಕಾಂಬೋಗಳನ್ನು ನೋಡಿ ಗಿಟಾರ್ ಆರಿಸಬೇಡಿ. ಸ್ಪೀಕರ್‌ಗೆ ಜೋಡಿಸಲು ಬೇಕಾದ ಪಿಕಪ್ ಇರುವುದೂ ಈಗ ಬೇಡ. ಅದಕ್ಕೆ ಕೊಡುವ ದುಡ್ಡು ಮರದಲ್ಲಿ, ಕೆಲಸದಲ್ಲಿ ಇರಲಿ.

ತುಂಗಾತೀರ, ಮೇ 19

ತಗೊಂಡೆ!

ನಿನ್ನೆ ಮಗಳನ್ನೂ ಕರೆದುಕೊಂಡು ಮಣಿಪಾಲಕ್ಕೆ ಹೋಗಿದ್ದೆ. ಕುಡ್ಲದ ತಮ್ಮ ಹೇಳಿದ ಹಾಗೆ ಬಂದಿದ್ದರು, ಅವರಿಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮೂರು ಗಿಟಾರ್ ನೋಡಿದೆವು. ಮೊದಲನೆಯದಕ್ಕೆ ಬ್ರಿಡ್ಜ್ ಹಿಂದೆ ಕಾಗದ ಸರಾಗವಾಗಿ ಒಳಗೆ ಹೋಯಿತು. ಎರಡನೆಯದು ಚಂದ ಇತ್ತು, ಏಳನೇ ಫ್ರೆಟ್‌ನಲ್ಲಿ ಝರ್ ಅಂದಿತು. ಮೂರನೆಯದು ಎಫ್310. ಐದು ವರ್ಷ ಹಳೆಯದು, ಮುಂದೆ ಎರಡು ಗೀರು. 12ನೇ ಫ್ರೆಟ್‌ನಲ್ಲಿ ಸ್ವರ ಶುದ್ಧ. ಆಕ್ಷನ್ 3.1. ಹುಡುಗ ಆರು ಕೇಳಿದ, ಐದಕ್ಕೆ ಕೊಟ್ಟ. ಕೇಪೋ ಸುಮ್ನೆ ಕೊಟ್ಟ. ಗಿಟಾರ್ ಕೊಡುವಾಗ ಅವನ ಮುಖ ಸಣ್ಣದಾಗಿತ್ತು, ಶಾಲೆಯಲ್ಲಿ ಮಕ್ಕಳಿಗೆ ನುಡಿಸುತ್ತೇನೆ ಅಂದ ಮೇಲೆ ಸಮಾಧಾನವಾಯಿತು ಪಾಪ.

ಅಲ್ಲೇ ಉಡುಪಿಯಲ್ಲಿ ಸೆಟಪ್‌ಗೆ ಕೊಟ್ಟೆವು. ತಂತಿ ಸೇರಿ 1,300 ಆಯಿತು. ಸ್ಯಾಡಲ್ ತಳ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ತಿಕ್ಕಿದರು, 12ನೇ ಫ್ರೆಟ್‌ನಲ್ಲಿ ಅದರ ಅರ್ಧದಷ್ಟು ಇಳಿಯುತ್ತದಂತೆ. ಈಗ 2.5. ಒಟ್ಟು 6,300.

ದಾವಣಗೆರೆ_ಬೆಣ್ಣೆ, ಮೇ 19

ಅಕ್ಕ, ಓದಿ ತುಂಬಾ ಖುಷಿಯಾಯಿತು. ಮೊದಲ ಮೂರು ವಾರ ಬೆರಳ ತುದಿ ಉರಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಎಡಗೈ ಉಗುರು ಕತ್ತರಿಸಿಕೊಳ್ಳಿ.

ತುಂಗಾತೀರ, ಆಗಸ್ಟ್ 9

ಆರು_ತಂತಿ ಸರ್, ಒಂದು ಗಾಬರಿ. ಜಿ, ಸಿ, ಡಿ, ಇ ಮೈನರ್ ಹಿಡಿಯಲು ಬರುತ್ತಿದೆ. ಶಾಲೆಯಲ್ಲಿ ಎರಡು ಹಾಡು ನುಡಿಸಿದೆ, ಮಕ್ಕಳು ಬಿಡುತ್ತಲೇ ಇಲ್ಲ. ಆದರೆ ಹದಿನೈದು ದಿನದಿಂದ ಜಡಿಮಳೆ. ತಂತಿ ಮತ್ತೆ ಬಿಗಿ ಅನ್ನಿಸಿತು. ಅಳೆದರೆ 2.9. ಬ್ಯಾಗಿನಲ್ಲೇ ಇಟ್ಟಿದ್ದೆ, ಸಿಲಿಕಾ ಜೆಲ್ ಕೂಡ ಇತ್ತು. ಬ್ರಿಡ್ಜ್ ಹಿಂದೆ ಕಾಗದ ಹೋಗುತ್ತಿಲ್ಲ. ಸ್ಯಾಡಲ್ ಇನ್ನಷ್ಟು ತಿಕ್ಕಿಸಲೇ?

ಆರು_ತಂತಿ, ಆಗಸ್ಟ್ 9

ಬೇಡ ಮೇಡಂ. ಈಗ ತಿಕ್ಕಿಸಿದರೆ ಚಳಿಗಾಲದಲ್ಲಿ ಹಲಗೆ ಒಣಗಿ ಇಳಿದಾಗ ತಂತಿ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. ಸ್ಯಾಡಲ್ ತಿಕ್ಕಿದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ, ಹೊಸದೇ ಹಾಕಬೇಕು. ಕಾಗದ ಹೋಗುತ್ತಿಲ್ಲ ಅಂದರೆ ಅಂಟು ಗಟ್ಟಿ ಇದೆ, ಹೆದರಬೇಡಿ. ಸಿಲಿಕಾ ಜೆಲ್ ನೀರು ಕುಡಿದು ತುಂಬಿರುತ್ತದೆ, ಹೊಸದು ಇಡಿ. ಅಲ್ಲಿಯವರೆಗೆ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ ಟ್ಯೂನ್ ಮಾಡಿ. ಎಳೆತ ಕಡಿಮೆಯಾಗಿ ಬೆರಳಿಗೆ ಸುಲಭ ಆಗುತ್ತದೆ. ನಿಮ್ಮ ಐದೂವರೆಗೆ ಕೇಪೋ ಒಂದು ಮನೆ ಮುಂದೆ ಸರಿಸಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಮತ್ತೆ ಅಳೆಯಿರಿ.

ಕುಡ್ಲ_ಕಡಲು, ಆಗಸ್ಟ್ 10

ನನ್ನದೂ ಈಗ 3 ಆಗಿದೆ ಅಕ್ಕ. ಪ್ರತಿ ವರ್ಷ ಹೀಗೇ, ಆಮೇಲೆ ಇಳಿಯುತ್ತದೆ.

ತುಂಗಾತೀರ, ನವೆಂಬರ್ 23

ಬಿಸಿಲು ಬಿದ್ದು ಮೂರು ವಾರ ಆಯಿತು. ಇವತ್ತು ಮಗಳು ಅಳೆದಳು. 2.5.